ಆಕ್ಟೇವ್ ಲೆಕ್ಕ ಬಿಡಿ, ದನಿ ಕೇಳಿ

ರಾಕ್, ಪಾಪ್ ಗಾಯಕರ ಮಾತು ಬಂದ ಕೂಡಲೇ ಯಾರ ಗಂಟಲು ಎಷ್ಟು ಆಕ್ಟೇವ್ (ಸ್ಥಾಯಿ) ಏರುತ್ತದೆ ಎಂಬ ಪಟ್ಟಿ ಶುರುವಾಗುತ್ತದೆ. ಇವರಿಗೆ ನಾಲ್ಕು, ಅವರಿಗೆ ಐದು, ಇನ್ಯಾರಿಗೋ ಆರು. ದನಿಯ ಬಗ್ಗೆ ಈ ಲೆಕ್ಕ ಹೇಳುವುದು ತೀರಾ ಕಡಿಮೆ. ಬಾಬ್ ಡಿಲನ್ ಅವರ ಎಷ್ಟೋ ಹಾಡುಗಳು ಒಂದೂವರೆ ಸ್ಥಾಯಿಯೊಳಗೇ ಮುಗಿದುಹೋಗುತ್ತವೆ. ಲೆನರ್ಡ್ ಕೋಹೆನ್ ಕೊನೆಗಾಲದಲ್ಲಿ ಹಾಡಿದ್ದು ಅದಕ್ಕಿಂತಲೂ ಕಿರಿದಾದ ಜಾಗದಲ್ಲಿ. ಆದರೂ ಇಬ್ಬರನ್ನೂ ಒಂದೇ ಸಾಲು ಕೇಳಿ ಗುರುತು ಹಿಡಿಯಬಹುದು. ಮೇಲೆ ಕೆಳಗೆ ಸಲೀಸಾಗಿ ಓಡಾಡುವ ಎಷ್ಟೋ ತಯಾರಾದ ಕಂಠಗಳು ಮಾರನೇ ದಿನಕ್ಕೆ ನೆನಪಿನಲ್ಲಿ ಉಳಿಯುವುದಿಲ್ಲ.

ಗುರುತು ಇರುವುದು ಬೇರೆ ಕಡೆ. ದನಿ ಹೇಗೆ ಶುರುವಾಗುತ್ತದೆ, ಹೇಗೆ ನಿಲ್ಲುತ್ತದೆ, ಸ್ವರಾಕ್ಷರಗಳನ್ನು ಬಾಯಿ ಹೇಗೆ ತಿರುವುತ್ತದೆ, ಎಲ್ಲಿ ಒಡೆಯುತ್ತದೆ, ಶ್ರುತಿಯ ಜೊತೆ ಗರಗರ ಎಷ್ಟು ಬೆರೆತಿದೆ, ಮೈಕು ಎಷ್ಟು ದೂರ ಇತ್ತು. ಇಷ್ಟನ್ನು ಬೇರೆಬೇರೆಯಾಗಿ ಕೇಳಿಸಿಕೊಳ್ಳಲು ಕಲಿತರೆ, ಹತ್ತಾರು ವರ್ಷ ಕೇಳಿದ ಹಾಡಿನಲ್ಲೂ ಹೊಸದು ಸಿಗುತ್ತದೆ.

ಕಲಿಯಲು ನನಗೆ ಗೊತ್ತಿರುವ ಒಳ್ಳೆಯ ದಾರಿ ಒಂದೇ: ಒಬ್ಬರೇ ಗಾಯಕರು ಒಂದೇ ಹಾಡನ್ನು ವರ್ಷಗಳ ಅಂತರದಲ್ಲಿ ಎರಡು ಸಲ ಹಾಡಿದ್ದನ್ನು ಪಕ್ಕಪಕ್ಕದಲ್ಲಿಟ್ಟು ಕೇಳುವುದು. ಸಾಹಿತ್ಯ ಅದೇ, ಧಾಟಿ ಅದೇ, ಹಾಡುವವರೂ ಅವರೇ. ಹಾಗಾಗಿ ಕಿವಿ ತಾನಾಗಿ ದನಿಯ ಕಡೆಗೆ ತಿರುಗುತ್ತದೆ. ಇಡೀ ಹಾಡು ಬೇಡ, ಇಪ್ಪತ್ತು–ಮೂವತ್ತು ಸೆಕೆಂಡಿನ ಒಂದು ತುಣುಕು ಸಾಕು. ಅದನ್ನೇ ಮತ್ತೆ ಮತ್ತೆ ಹಾಕಿ, ಪ್ರತಿ ಸಲ ಒಂದೇ ಅಂಶ ಗಮನಿಸಿ. ಮೊದಲ ಸಲ ಸಾಲುಗಳ ಆರಂಭ ಮಾತ್ರ, ಎರಡನೇ ಸಲ ಕೊನೆ ಮಾತ್ರ, ಮೂರನೇ ಸಲ ಉಸಿರು ತೆಗೆದುಕೊಳ್ಳುವ ಜಾಗಗಳು. ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋದರೆ ಕೊನೆಗೆ ‘ಚೆನ್ನಾಗಿದೆ’ ಎಂಬುದರಾಚೆ ಏನೂ ದಕ್ಕುವುದಿಲ್ಲ.

ಇಂಗ್ಲಿಷ್ ಹಾಡುಗಳಲ್ಲಿ ಶುರು ಮಾಡಲು ಡಿಲನ್ ಅವರ ‘ಗರ್ಲ್ ಫ್ರಮ್ ದ ನಾರ್ತ್ ಕಂಟ್ರಿ’ಗಿಂತ ಒಳ್ಳೆಯ ಜೋಡಿ ಇಲ್ಲ. 1963ರ ‘ದ ಫ್ರೀವೀಲಿನ್ ಬಾಬ್ ಡಿಲನ್’ ಆಲ್ಬಂನಲ್ಲಿ ಒಂಟಿ ಗಿಟಾರಿನ ಜೊತೆ ಒಮ್ಮೆ, 1969ರ ‘ನ್ಯಾಶ್‌ವಿಲ್ ಸ್ಕೈಲೈನ್’ನಲ್ಲಿ ಜಾನಿ ಕ್ಯಾಶ್ ಜೊತೆ ಇನ್ನೊಮ್ಮೆ. ಮೊದಲನೆಯದರಲ್ಲಿ ದನಿ ಮೂಗಿನ ಹತ್ತಿರ ಇದೆ. ವ್ಯಂಜನಗಳ ಮೇಲೆ ಭಾರ ಬೀಳುತ್ತದೆ, ಸಾಲಿನ ಕೊನೆ ಬಹುತೇಕ ಮಾತಿನಂತೆ ಇಳಿದು ನಿಲ್ಲುತ್ತದೆ. ಎರಡನೆಯದರಲ್ಲಿ ಗಂಟಲು ಅಗಲವಾಗಿದೆ, ಸ್ವರಾಕ್ಷರಗಳು ದುಂಡಗಾಗಿವೆ, ನಿಂತ ಸ್ವರದಲ್ಲಿ ಸಣ್ಣ ಅಲುಗಾಟವೂ ಇದೆ. ಸಿಗರೇಟು ಬಿಟ್ಟದ್ದೇ ಕಾರಣ ಎಂದು ಡಿಲನ್ ಆಗ ಹೇಳಿದ್ದರು. ಆದರೆ ಕೇಳಿದರೆ ಅದಷ್ಟೇ ಅಲ್ಲ ಎಂದು ಗೊತ್ತಾಗುತ್ತದೆ: ನಾಲಿಗೆ, ದವಡೆ, ಧ್ವನಿಪೆಟ್ಟಿಗೆ ನಿಲ್ಲುವ ಎತ್ತರ, ಎಲ್ಲವನ್ನೂ ಬದಲಿಸಿಕೊಂಡು ಹಾಡಿದ್ದಾರೆ. ಎರಡನೇ ಮುದ್ರಣದಲ್ಲಿ ಕ್ಯಾಶ್ ಅವರ ಮಂದ್ರದ ದನಿ ಬಂದ ಕೂಡಲೇ ಮತ್ತೊಂದು ಪಾಠ ಸಿಗುತ್ತದೆ. ಇಬ್ಬರೂ ಕೂಡಿ ಹಾಡುವ ಕಡೆ ಪದಗಳು ಒಂದೇ ಹೊತ್ತಿಗೆ ಬೀಳುವುದಿಲ್ಲ, ಆ ಹೊಂದದ ಅಂಚುಗಳಲ್ಲಿ ಎರಡು ದನಿಗಳ ಸ್ವಭಾವ ಬಿಡಿಬಿಡಿಯಾಗಿ ಕಾಣುತ್ತದೆ. ಅಚ್ಚುಕಟ್ಟಾಗಿ ಮತ್ತೊಮ್ಮೆ ಹಾಡಿಸಿದ್ದರೆ ಇದು ಕಳೆದುಹೋಗುತ್ತಿತ್ತು.

ಈಗ ಆರಂಭದ ವಿಷಯ. ಗಂಟಲೊಳಗೆ ದನಿ ಹುಟ್ಟಿಸುವ ಸ್ವರತಂತುಗಳು ಮೊದಲು ಮುಚ್ಚಿಕೊಂಡು ಆಮೇಲೆ ಗಾಳಿ ಒಡೆದು ಬಂದರೆ ‘ಟಕ್’ ಎಂಬ ಗಟ್ಟಿ ಶುರು. ಗಾಳಿ ಮೊದಲು ಬಂದು ತಂತುಗಳು ಆಮೇಲೆ ಕೂಡಿದರೆ ‘ಹ’ಕಾರದ ಮೆತ್ತನೆಯ ಶುರು. ಎರಡೂ ಒಟ್ಟಿಗೆ ನಡೆದರೆ ಅಂಚೇ ಗೊತ್ತಾಗದ ನಯವಾದ ಶುರು. ನಾಲ್ಕನೆಯದೊಂದಿದೆ: ತಂತುಗಳು ಸಡಿಲಾಗಿ, ಎಣಿಸಬಹುದಾದಷ್ಟು ನಿಧಾನವಾಗಿ ಬಡಿದುಕೊಂಡು ಕಿರಕಿರ ಎನ್ನುತ್ತಾ ಸ್ವರಕ್ಕೆ ಏರುವುದು. 1998ರಲ್ಲಿ ಬ್ರಿಟ್ನಿ ಸ್ಪಿಯರ್ಸ್ ಅವರ ಮೊದಲ ಹಾಡು ‘ಬೇಬಿ ಒನ್ ಮೋರ್ ಟೈಮ್’ನ ಮೊದಲ ಪದ ಕೇಳಿ, ಈ ಕಿರಕಿರ ಅಲ್ಲೇ ಇದೆ. ಹಾಡು ಕೇಳದವರಿಗೂ ಆ ಒಂದು ಪದ ಪರಿಚಯವಿರುವುದು ಧಾಟಿಯಿಂದಲ್ಲ, ಆ ಆರಂಭದಿಂದ.

ಸ್ವರಾಕ್ಷರದ ಕಥೆ ಸ್ವಲ್ಪ ಆಳ. ಸ್ವರತಂತು ಹುಟ್ಟಿಸುವುದು ಬರೀ ಝೇಂಕಾರ. 440 ಹರ್ಟ್ಸ್ ಸ್ವರವೆಂದರೆ ತಂತುಗಳು ಸೆಕೆಂಡಿಗೆ 440 ಸಲ ಕೂಡಿ ಬಿಡುತ್ತಿವೆ ಎಂದರ್ಥ, ಮತ್ತು ಆ ಝೇಂಕಾರದಲ್ಲಿ 880, 1320, 1760 ಹೀಗೆ ಮೇಲಿನ ಅಂಶಗಳೂ ಸೇರಿರುತ್ತವೆ. ಗಂಟಲು, ಬಾಯಿ, ತುಟಿಗಳ ಆಕಾರ ಇವುಗಳಲ್ಲಿ ಕೆಲವನ್ನು ಎತ್ತಿ, ಕೆಲವನ್ನು ತಗ್ಗಿಸುತ್ತದೆ. ಇಬ್ಬರು ಒಂದೇ ಶ್ರುತಿಯಲ್ಲಿ ಒಂದೇ ಪದ ಹಾಡಿದರೂ ಬೇರೆ ಕೇಳಿಸುವುದಕ್ಕೆ ಮುಖ್ಯ ಕಾರಣ ಇದು. ಆಪೆರಾ ಗಾಯಕರು, ಅದರಲ್ಲೂ ಗಂಡು ದನಿಯವರು, 3000 ಹರ್ಟ್ಸ್ ಆಸುಪಾಸಿನ ಪಟ್ಟಿಯನ್ನು ಹಿಗ್ಗಿಸಿ ಮೈಕಿಲ್ಲದೆ ಆರ್ಕೆಸ್ಟ್ರಾದ ಮೇಲೆ ಕೇಳಿಸುತ್ತಾರೆ. ಮೈಕು ಹಿಡಿದವರಿಗೆ ಆ ಕಷ್ಟ ಬೇಡ, ಹಾಗಾಗಿ ಅವರ ಸ್ವರಾಕ್ಷರ ಮಾತಿಗೆ ಹತ್ತಿರ ಉಳಿಯಬಹುದು. ರಾಕ್–ಪಾಪ್‌ನಲ್ಲಿ ಇಷ್ಟೊಂದು ಬಗೆಯ ದನಿಗಳು ಬದುಕಿದ್ದು ಮೈಕಿನ ದಯೆಯಿಂದ. ಆದರೆ ಎದೆದನಿಯಲ್ಲೇ, ಅಂದರೆ ಮಾತಾಡುವ ತುಂಬು ದನಿಯಲ್ಲೇ, ಜೋರಾಗಿ ಮೇಲೇರುವಾಗ ಬಾಯಿ ಅಗಲವಾಗಲೇಬೇಕು. ಆಗ ‘ಈ’ ಎಂಬುದು ‘ಎ’ ಕಡೆಗೆ, ‘ಊ’ ಎಂಬುದು ‘ಒ’ ಕಡೆಗೆ ವಾಲುತ್ತದೆ. ಏರುಸ್ವರದಲ್ಲಿ ಪದ ತಿಳಿಯದಿದ್ದರೆ ಅದು ಉಚ್ಚಾರದ ಅಸಡ್ಡೆ ಎಂದು ತೀರ್ಮಾನಿಸುವ ಮೊದಲು ಇದು ನೆನಪಿರಲಿ.

ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿಗೆ ಒಂದು ತೊಡಕು ಇದೆ. ಅಲ್ಲಿ ಕಳ್ಳದನಿ ಸಲ್ಲದು: ತಾರಸ್ಥಾಯಿಗೆ ಏರುವಾಗ ತುಂಬು ದನಿ ಬಿಟ್ಟು ತೆಳುವಾಗಿ ಜಾರಿಕೊಂಡರೆ ಸಾಧನೆ ಸಾಲದು ಎನ್ನುತ್ತಾರೆ. ಪಾಪ್‌ನಲ್ಲಿ ಅದೇ ಫಾಲ್ಸೆಟ್ಟೊ ಒಂದು ಬಣ್ಣ. ಬೀ ಜೀಸ್ ತಂಡದ ಬ್ಯಾರಿ ಗಿಬ್ ತಮ್ಮ ಈ ದನಿಯನ್ನು ಕಂಡುಕೊಂಡದ್ದು 1975ರಲ್ಲಿ ಮಯಾಮಿಯ ಸ್ಟುಡಿಯೊದಲ್ಲಿ, ನಿರ್ಮಾಪಕ ಆರಿಫ್ ಮಾರ್ಡಿನ್ ‘ನೈಟ್ಸ್ ಆನ್ ಬ್ರಾಡ್‌ವೇ’ ಹಾಡಿನ ಕೊನೆಗೆ ಶ್ರುತಿಯಲ್ಲೇ ಕಿರುಚಬಲ್ಲಿರಾ ಎಂದು ಕೇಳಿದಾಗ. ಎರಡು ವರ್ಷದಲ್ಲಿ ಅದೇ ಆ ತಂಡದ ಗುರುತಾಯಿತು. ಜೆಫ್ ಬಕ್ಲಿ ಇನ್ನೊಂದು ಬಗೆ. ಎದೆದನಿಯಿಂದ ಕಳ್ಳದನಿಗೆ ಹೋಗುವ ಗಡಿ ಎಲ್ಲಿದೆ ಎಂದು ತಿಳಿಯದಂತೆ ಜಾರುತ್ತಾರೆ. ಅವರು ನುಸ್ರತ್ ಫತೇ ಅಲಿ ಖಾನ್ ಅವರ ಭಕ್ತರು. ನ್ಯೂಯಾರ್ಕಿನ ಶಿನೇ ಎಂಬ ಪುಟ್ಟ ಕೆಫೆಯಲ್ಲಿ 1993ರಲ್ಲಿ ನುಸ್ರತ್‌ರ ಕವ್ವಾಲಿಯನ್ನೇ ಗಿಟಾರ್ ಹಿಡಿದು ಹಾಡಿದ್ದು ಮುದ್ರಣದಲ್ಲಿ ಸಿಗುತ್ತದೆ. ಅದನ್ನು ಕೇಳಿ, ಆಮೇಲೆ 1994ರ ‘ಗ್ರೇಸ್’ ಆಲ್ಬಂಗೆ ಬಂದರೆ ಅವರ ಎಳೆತಗಳು ಎಲ್ಲಿಂದ ಬಂದವು ಎಂದು ಅರ್ಥವಾಗುತ್ತದೆ.

ಗಡಿಯನ್ನು ಮುಚ್ಚದೆ ಬೇಕೆಂದೇ ಒಡೆದು ತೋರಿಸುವವರೂ ಇದ್ದಾರೆ. ಐರ್ಲೆಂಡಿನ ಲಿಮರಿಕ್‌ನ ಡೊಲೊರೆಸ್ ಓರಿಯರ್ಡನ್, ಕ್ರ್ಯಾನ್‌ಬೆರೀಸ್ ತಂಡದ ದನಿ. 1994ರ ‘ಝಾಂಬಿ’ಯಲ್ಲಿ ಶೀರ್ಷಿಕೆಯ ಪದವನ್ನು ಎಳೆದೆಳೆದು ಹಾಡುವಾಗ ಎದೆದನಿ ಫಟ್ಟನೆ ಮೇಲಿನ ದನಿಗೆ ಹಾರಿ ಮತ್ತೆ ಕೆಳಗೆ ಬೀಳುತ್ತದೆ. ಹಿಂದಿನ ವರ್ಷ ಇಂಗ್ಲೆಂಡಿನ ವಾರಿಂಗ್ಟನ್‌ನಲ್ಲಿ ಬಾಂಬಿಗೆ ಇಬ್ಬರು ಮಕ್ಕಳು ಬಲಿಯಾದದ್ದರ ಮೇಲೆ ಹುಟ್ಟಿದ ಹಾಡು ಅದು. ಸಾವಿನ ಮನೆಯ ಅಳುವಿನಲ್ಲೂ ದನಿ ಹೀಗೇ ಮುರಿಯುತ್ತದೆ. ಎಷ್ಟೋ ಜನ ಈ ಹಾಡನ್ನು ಮತ್ತೆ ಹಾಡಿದ್ದಾರೆ. ಹೆಚ್ಚಿನವರು ಆ ಮುರಿತವನ್ನು ನಯ ಮಾಡಿಬಿಡುತ್ತಾರೆ, ಅಲ್ಲಿಗೆ ಹಾಡಿನ ಬೆನ್ನೆಲುಬೇ ಹೋಗುತ್ತದೆ.

ತಾನಾಗಿ ಒಡೆದ ದನಿ ಬೇಕಿದ್ದರೆ ರೋಲಿಂಗ್ ಸ್ಟೋನ್ಸ್‌ನ ‘ಗಿಮ್ಮೀ ಶೆಲ್ಟರ್’, 1969. ಮಿಕ್ ಜಾಗರ್ ಜೊತೆ ಹಾಡಿದ ಮೆರಿ ಕ್ಲೇಟನ್ ಅವರನ್ನು ಲಾಸ್ ಏಂಜಲೀಸ್‌ನಲ್ಲಿ ತಡರಾತ್ರಿ ಸ್ಟುಡಿಯೊಗೆ ಕರೆಸಲಾಗಿತ್ತು, ಅವರು ಆಗ ಗರ್ಭಿಣಿ. ಮೂರನೇ ನಿಮಿಷದ ಹತ್ತಿರ ಅವರೊಬ್ಬರೇ ಹಾಡುವ ಭಾಗದಲ್ಲಿ ದನಿ ಬಿರುಕು ಬಿಡುತ್ತದೆ. ಒಡೆದ ಮೇಲೂ ಅವರು ಹಿಂದೆ ಸರಿಯುವುದಿಲ್ಲ, ಅದೇ ಎತ್ತರಕ್ಕೆ ಮತ್ತೆ ನುಗ್ಗುತ್ತಾರೆ. ಆಗ ಹಿನ್ನೆಲೆಯಲ್ಲಿ ಯಾರೋ ಖುಷಿಯಿಂದ ಕೂಗಿದ್ದು ಸಣ್ಣಗೆ ಕೇಳಿಸುತ್ತದೆ. ಹೆಡ್‌ಫೋನ್ ಇಲ್ಲದಿದ್ದರೆ ಇದು ತಪ್ಪಿಹೋಗುತ್ತದೆ.

ಗರಗರದ ವಿಚಾರಕ್ಕೆ ಬಂದರೆ ಕ್ವೀನ್ ತಂಡದ ಫ್ರೆಡ್ಡಿ ಮರ್ಕ್ಯುರಿ ಅವರ ದನಿಯಷ್ಟು ಚೆನ್ನಾಗಿ ಪರೀಕ್ಷೆಗೊಳಗಾದ ರಾಕ್ ದನಿ ಇನ್ನೊಂದಿಲ್ಲ. ಜಾಂಜಿಬಾರಿನಲ್ಲಿ ಹುಟ್ಟಿದ ಪಾರ್ಸಿ ಹುಡುಗ ಫಾರೂಖ್ ಬುಲ್ಸಾರಾ, ಓದಿದ್ದು ಮಹಾರಾಷ್ಟ್ರದ ಪಂಚಗಣಿಯಲ್ಲಿ, ಮೊದಲ ತಂಡ ಕಟ್ಟಿದ್ದೂ ಆ ಶಾಲೆಯಲ್ಲೇ. 2016ರಲ್ಲಿ ಆಸ್ಟ್ರಿಯಾ ಮತ್ತು ಸ್ವೀಡನ್ನಿನ ಧ್ವನಿವಿಜ್ಞಾನಿಗಳು ಅವರ ಸಂದರ್ಶನ, ಹಾಡುಗಳ ಮುದ್ರಣಗಳನ್ನು ಅಳೆದು ವರದಿ ಪ್ರಕಟಿಸಿದರು. ಮಾತಾಡುವ ಶ್ರುತಿ ಸುಮಾರು 117 ಹರ್ಟ್ಸ್, ಅಂದರೆ ಮೂಲತಃ ಗಂಡಸಿನ ಮಧ್ಯಮ ದನಿಯಾದ ಬ್ಯಾರಿಟೋನ್ ಇರಬೇಕು. ಹಾಡಿದ್ದು ಮಾತ್ರ ಅದಕ್ಕಿಂತ ಮೇಲಿನ ಟೆನರ್ ಎತ್ತರದಲ್ಲಿ. ಮಧ್ಯಮ ದನಿಯ ದೇಹ ಮೇಲಿನ ಎತ್ತರದಲ್ಲಿ ದುಡಿಯುವಾಗ ಹುಟ್ಟುವ ಬಿಗಿ ನಮಗೆ ಭಾವವಾಗಿ ಕೇಳಿಸುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಆಕ್ಟೇವ್ ಪಟ್ಟಿ ಇದನ್ನು ಹಿಡಿಯಲಾರದು. ಮೇಲಿನ ಸ್ವರ ಮುಟ್ಟಿದರೇ ಇಲ್ಲವೇ ಎಂಬುದಷ್ಟೇ ಅಲ್ಲಿ ಲೆಕ್ಕ, ಮುಟ್ಟಲು ಏನು ಬೆಲೆ ಕೊಟ್ಟರು ಎಂಬುದಿಲ್ಲ.

ಆ ವರದಿಯ ಎರಡನೆಯ ಸಂಗತಿ ವೈಬ್ರಾಟೊ. ನಿಂತ ಸ್ವರ ಮೇಲೆ ಕೆಳಗೆ ಅಲುಗುವ ವೇಗ ಪಳಗಿದ ಆಪೆರಾ ಕಂಠಗಳಲ್ಲಿ ಸೆಕೆಂಡಿಗೆ ಐದೂವರೆಯಿಂದ ಆರೂವರೆ ಸಲ. ಮರ್ಕ್ಯುರಿ ಅವರದು ಸರಾಸರಿ ಏಳು, ಜೊತೆಗೆ ಒಂದೇ ಹದದಲ್ಲಿ ಇರುವುದಿಲ್ಲ. ಇದನ್ನು ನೀವೇ ಎಣಿಸಬಹುದು. ಎರಡು ಸೆಕೆಂಡಾದರೂ ನಿಲ್ಲುವ ಒಂದು ಸ್ವರ ಆರಿಸಿ, ಯೂಟ್ಯೂಬ್‌ನಲ್ಲಿ ವೇಗ 0.5ಕ್ಕೆ ಇಳಿಸಿ. ಎರಡು ಸೆಕೆಂಡ್ ನಾಲ್ಕಾಗುತ್ತದೆ, ಏಳರ ವೈಬ್ರಾಟೊ ಮೂರೂವರೆಯಾಗುತ್ತದೆ. ಬೆರಳಿನಲ್ಲಿ ತಟ್ಟುತ್ತಾ ಎಣಿಸಿದರೆ ಹದಿನಾಲ್ಕರ ಹತ್ತಿರ ಬರಬೇಕು. ಆಪೆರಾ ದನಿಯೊಂದರಲ್ಲಿ ಇದೇ ಮಾಡಿದರೆ ಹನ್ನೊಂದರಿಂದ ಹದಿಮೂರು. ವೇಗ ಇಳಿಸಿದಾಗ ದನಿಗೆ ಲೋಹದ ತಗಡಿನಂಥ ಅಂಚು ಬರುತ್ತದೆ, ಅದು ಸಾಫ್ಟ್‌ವೇರಿನದು. ವೇಗ ಇಳಿಸಿ ಎಣಿಕೆ ಮಾಡಬಹುದು, ದನಿಯ ಬಣ್ಣದ ಬಗ್ಗೆ ಮಾತಾಡಕೂಡದು.

ಮೂರನೆಯದು ಗರಗರವೇ. ಗಂಟಲಲ್ಲಿ ನಿಜವಾದ ಸ್ವರತಂತುಗಳ ಮೇಲೆ ಇನ್ನೊಂದು ಜೋಡಿ ಮಡಿಕೆಗಳಿವೆ. ಸಾಮಾನ್ಯ ಹಾಡಿಕೆಯಲ್ಲಿ ಅವು ಸುಮ್ಮನಿರುತ್ತವೆ. ಮರ್ಕ್ಯುರಿ ಅವರ ಒರಟು ದನಿಯನ್ನು ಅನುಕರಿಸಬಲ್ಲ ರಾಕ್ ಗಾಯಕರೊಬ್ಬರ ಗಂಟಲೊಳಗೆ ಸೆಕೆಂಡಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಚಿತ್ರ ತೆಗೆಯುವ ಕ್ಯಾಮೆರಾ ಇಳಿಸಿ ನೋಡಿದಾಗ, ಕೆಳಗಿನ ತಂತುಗಳು ಮೂರು ಸಲ ಬಡಿಯುವಷ್ಟರಲ್ಲಿ ಮೇಲಿನ ಮಡಿಕೆಗಳು ಒಂದು ಸಲ ಬಡಿಯುತ್ತಿದ್ದವು. ರಷ್ಯಾದ ಟುವಾ ಪ್ರಾಂತ್ಯದ ಗಂಟಲು ಹಾಡುಗಾರಿಕೆಯಲ್ಲಿ ಬಳಕೆಯಾಗುವುದೂ ಇದೇ ಮಡಿಕೆಗಳು. ಹೀಗಾದಾಗ ಮೂಲ ಸ್ವರದ ಕೆಳಗೆ ಇನ್ನೊಂದು ಸ್ವರದ ನೆರಳು ಹುಟ್ಟುತ್ತದೆ. 440 ಹರ್ಟ್ಸ್ ಹಾಡುತ್ತಿದ್ದರೆ 147ರ ಹತ್ತಿರ ಒಂದು, 293ರ ಹತ್ತಿರ ಮತ್ತೊಂದು. ಅದು ಬರೀ ಗದ್ದಲವಲ್ಲ, ಶ್ರುತಿಗೆ ಕಟ್ಟಿಕೊಂಡ ಒರಟುತನ. ಅದಕ್ಕೇ ಕಿವಿಗೆ ಹಿತ. ಜಾನಿಸ್ ಜಾಪ್ಲಿನ್ ಚೀರುವಾಗ ಏಕಕಾಲಕ್ಕೆ ಎರಡು ಮೂರು ಸ್ವರ ಕೇಳಿದಂತಾಗುತ್ತದೆ. 1968ರ ‘ಪೀಸ್ ಆಫ್ ಮೈ ಹಾರ್ಟ್’ ಆ ದೃಷ್ಟಿಯಿಂದ ಮತ್ತೊಮ್ಮೆ ಕೇಳಿ.

ಒರಟುತನ ಬಳಲಿಕೆಯಿಂದಲೂ ಬರುತ್ತದೆ, ಅದರ ಸದ್ದು ಬೇರೆ. 1963ರ ಫೆಬ್ರವರಿ 11ರಂದು ಲಂಡನ್ನಿನ ಇಎಂಐ ಸ್ಟುಡಿಯೊದಲ್ಲಿ ಬೀಟಲ್ಸ್ ತಮ್ಮ ಮೊದಲ ಆಲ್ಬಂನ ಹೆಚ್ಚಿನ ಹಾಡುಗಳನ್ನು ಒಂದೇ ದಿನದಲ್ಲಿ ಮುಗಿಸಿದರು. ‘ಟ್ವಿಸ್ಟ್ ಅಂಡ್ ಶೌಟ್’ ಅನ್ನು ಕೊನೆಗೆ ಇಟ್ಟುಕೊಂಡಿದ್ದರು, ಏಕೆಂದರೆ ಅದನ್ನು ಹಾಡಿದರೆ ಜಾನ್ ಲೆನನ್ ಅವರ ಗಂಟಲು ಬೇರೆ ಯಾವುದಕ್ಕೂ ಉಳಿಯುತ್ತಿರಲಿಲ್ಲ. ಅವರಿಗೆ ನೆಗಡಿ ಬೇರೆ. ನಮಗೆ ಸಿಗುವುದು ಮೊದಲ ಟೇಕ್. ಎರಡನೆಯದಕ್ಕೆ ದನಿ ಬರಲಿಲ್ಲ. ಇಲ್ಲಿ ತಂತುಗಳು ಊದಿಕೊಂಡು ಸರಿಯಾಗಿ ಮುಚ್ಚುತ್ತಿಲ್ಲ, ನಡುವೆ ಗಾಳಿ ಸೋರುತ್ತಿದೆ. ಮೊದಲ ಚರಣಕ್ಕೂ ಕೊನೆಯದಕ್ಕೂ ಹೋಲಿಸಿದರೆ ಶ್ರುತಿಯ ಪಾಲು ಕಡಿಮೆಯಾಗಿ ಗಾಳಿಯ ಪಾಲು ಹೆಚ್ಚುತ್ತಾ ಹೋಗುವುದು ಕೇಳಿಸುತ್ತದೆ.

ಇನ್ನು ಮೈಕು. ದನಿಯ ಗುರುತಿನಲ್ಲಿ ಅರ್ಧ ಪಾಲು ಅದರದು ಎಂದರೆ ಕೆಲವರಿಗೆ ಬೇಸರ, ಆದರೆ ಗಾಯಕರು ಮೈಕಿಗೆ ತಕ್ಕಂತೆ ಹಾಡುವುದರಿಂದ ಇದು ಅವರದೇ ಕಲೆಯ ಭಾಗ. ಡೇವಿಡ್ ಬೋವಿ 1977ರಲ್ಲಿ ಪಶ್ಚಿಮ ಬರ್ಲಿನ್‌ನ ಗೋಡೆಯ ಪಕ್ಕದಲ್ಲೇ ಇದ್ದ ಹನ್ಸಾ ಸ್ಟುಡಿಯೊದ ದೊಡ್ಡ ಹಾಲ್‌ನಲ್ಲಿ ‘ಹೀರೋಸ್’ ಹಾಡಿದರು. ನಿರ್ಮಾಪಕ ಟೋನಿ ವಿಸ್ಕಾಂಟಿ ಮೂರು ಮೈಕು ಇಟ್ಟರು: ಒಂದು ಬಾಯಿಂದ ಸುಮಾರು 9 ಇಂಚು, ಎರಡನೆಯದು 20 ಅಡಿ, ಮೂರನೆಯದು 50 ಅಡಿ ದೂರ. ದೂರದ ಎರಡಕ್ಕೂ ಗೇಟ್ ಎಂಬ ಸಾಧನ ಸೇರಿಸಿದ್ದರು. ದನಿ ಇಂತಿಷ್ಟು ಜೋರಾಗುವವರೆಗೆ ಅವು ಮುಚ್ಚಿರುತ್ತವೆ, ಮೀರಿದರೆ ತೆರೆಯುತ್ತವೆ. ಮೊದಲ ಚರಣದಲ್ಲಿ ಬೋವಿ ಹತ್ತಿರದಲ್ಲಿ ಮೆಲ್ಲಗೆ ಹೇಳುತ್ತಿದ್ದಾರೆ, ಹಾಲ್ ಇಲ್ಲವೇ ಇಲ್ಲ. ಹಾಡು ಬೆಳೆದಂತೆ ಎರಡನೇ ಮೈಕು ತೆರೆದು ಗೋಡೆಗಳು ಕೇಳಿಸುತ್ತವೆ. ಕೊನೆಗೆ ಮೂರನೆಯದನ್ನು ತೆರೆಯಲು ಅವರು ಕೂಗಲೇಬೇಕು, ಕೂಗುತ್ತಾರೆ. ಆ ಪ್ರತಿಧ್ವನಿಯನ್ನು ಆಮೇಲೆ ಯಂತ್ರದಲ್ಲಿ ಬೆರೆಸಿದ್ದರೆ ದನಿ ಹೀಗೆ ಏರುತ್ತಿರಲಿಲ್ಲ.

ಇದರ ಎದುರು ತುದಿ ಬಿಲ್ಲಿ ಐಲಿಷ್. 2019ರ ಮೊದಲ ಆಲ್ಬಂ ಅಣ್ಣ ಫಿನಿಯಸ್ ಜೊತೆ ಬಹುಪಾಲು ಮನೆಯ ಕೋಣೆಯಲ್ಲೇ ಮುದ್ರಿಸಿದ್ದು. ಒಂದು ದಿಕ್ಕಿನ ಸದ್ದು ಹಿಡಿಯುವ ಮೈಕಿಗೆ ಕೆಲವೇ ಇಂಚು ಹತ್ತಿರ ಹೋದರೆ ಕೆಳಗಿನ ಕಂಪನಗಳು ತಾವಾಗಿ ಹಿಗ್ಗುತ್ತವೆ. ಅದರ ಮೇಲೆ, ಜೋರು ಮತ್ತು ಮೆಲು ಸದ್ದುಗಳ ಅಂತರ ತಗ್ಗಿಸುವ ಕಂಪ್ರೆಶನ್ ಹಾಕಿದರೆ ಉಸಿರು, ತುಟಿ ಬಿಡಿಸುವ ಸದ್ದು, ನಾಲಿಗೆಯ ತೇವ ಎಲ್ಲ ಮುಂದೆ ಬರುತ್ತವೆ. ಪಿಸುದನಿಯೊಂದು ದಪ್ಪ ಬಾಸ್ ಮೇಲೆ ನಿಲ್ಲುವುದು ಹೀಗೆ. ಅದು ‘ಹಾಡಲು ಬರದವರ’ ಉಪಾಯ ಎಂದು ತಳ್ಳಿಹಾಕುವವರನ್ನು ಒಪ್ಪಲಾರೆ. ಅಷ್ಟು ಕಡಿಮೆ ಗಾಳಿಯಲ್ಲಿ ಶ್ರುತಿ ನಿಲ್ಲಿಸುವುದು ಕೂಗಿ ಹಾಡುವುದಕ್ಕಿಂತ ಕಷ್ಟ.

ಪದರದ ದನಿಗಳನ್ನೂ ಗುರುತಿಸಲು ಕಲಿಯಬೇಕು. ಒಂದೇ ಸಾಲನ್ನು ಎರಡು ಸಲ ಹಾಡಿ ಕೂಡಿಸಿದಾಗ ಪದದ ಕೊನೆಯ ‘ಸ್’, ‘ಟ್’ಗಳು ಎರಡೆರಡು ಸಲ ಬೀಳುತ್ತವೆ, ಅದೇ ಸುಳಿವು. ಲೆನನ್‌ಗೆ ಪದರ ಇಷ್ಟ, ಮತ್ತೆ ಮತ್ತೆ ಹಾಡುವುದು ಕಷ್ಟ. ಅದಕ್ಕೇ ಇಎಂಐ ಸ್ಟುಡಿಯೊದ ಎಂಜಿನಿಯರ್ ಕೆನ್ ಟೌನ್ಸೆಂಡ್ 1966ರಲ್ಲಿ ಟೇಪ್ ಯಂತ್ರದಿಂದಲೇ ಎರಡನೇ ಪದರ ಹುಟ್ಟಿಸುವ ವಿಧಾನ ಕಟ್ಟಿದರು. ಅದರಲ್ಲಿ ಎರಡು ‘ಟ್’ ಕೇಳಿಸುವುದಿಲ್ಲ, ಬದಲಿಗೆ ದನಿ ನೀರಿನೊಳಗೆ ಅಲುಗಿದಂತಿರುತ್ತದೆ. ‘ನೆವರ್‌ಮೈಂಡ್’ ಆಲ್ಬಂನ ಮುದ್ರಣದಲ್ಲಿ ಪದರ ಹಾಡಲು ಒಲ್ಲದ ನಿರ್ವಾಣ ತಂಡದ ಕರ್ಟ್ ಕೊಬೇನ್ ಅವರನ್ನು ನಿರ್ಮಾಪಕ ಬುಚ್ ವಿಗ್ ಒಪ್ಪಿಸಿದ್ದು, ಲೆನನ್ ಹಾಗೇ ಮಾಡುತ್ತಿದ್ದರು ಎಂಬ ಒಂದೇ ಮಾತಿನಿಂದ. ಕಿವಿಯ ಪರೀಕ್ಷೆಗೆ ಇನ್ನೊಂದಿದೆ: ಲೆಡ್ ಜೆಪ್ಪೆಲಿನ್‌ನ ‘ಹೋಲ್ ಲಾಟಾ ಲವ್’ನಲ್ಲಿ ನಾಲ್ಕನೇ ನಿಮಿಷದ ಆಸುಪಾಸು ವಾದ್ಯಗಳು ನಿಂತಾಗ ರಾಬರ್ಟ್ ಪ್ಲಾಂಟ್ ಅವರ ಪ್ರತಿ ಕೂಗಿಗೂ ಮೊದಲು ಅದೇ ಕೂಗು ದೂರದಿಂದ ಕೇಳಿಸುತ್ತದೆ. ಟೇಪಿನಲ್ಲಿ ಅಳಿಸಲಾಗದೆ ಉಳಿದ ದನಿ ಅದು. ಎಂಜಿನಿಯರ್ ಎಡ್ಡಿ ಕ್ರೇಮರ್ ಅದಕ್ಕೆ ರಿವರ್ಬ್ (ಪ್ರತಿಧ್ವನಿ) ಸೇರಿಸಿ ಹಾಡಿನ ಭಾಗವನ್ನೇ ಮಾಡಿಬಿಟ್ಟರು.

ಸಲಕರಣೆ ದುಬಾರಿ ಬೇಕಿಲ್ಲ. ವೈರ್ ಇರುವ ಸಾಧಾರಣ ಹೆಡ್‌ಫೋನ್ ಸಾಕು. ಮೊಬೈಲಿನ ಸ್ಪೀಕರ್ ಬೇಡವೇ ಬೇಡ, 300 ಹರ್ಟ್ಸ್‌ಗಿಂತ ಕೆಳಗಿನದನ್ನು ಅದು ಬಹುಪಾಲು ನುಂಗುತ್ತದೆ. ಕೋಹೆನ್, ಕ್ಯಾಶ್ ಅಂಥವರ ದನಿಯ ಬುಡವೇ ಅಲ್ಲಿ ಇರುವುದು. ಈಕ್ವಲೈಜರ್, ಬಾಸ್ ಬೂಸ್ಟ್, ಸ್ಪೇಷಿಯಲ್ ಆಡಿಯೊ ಎಲ್ಲ ಆಫ್ ಮಾಡಿ. ಎರಡು ಮುದ್ರಣ ಹೋಲಿಸುವಾಗ ಒಂದು ಸ್ವಲ್ಪ ಜೋರಿದ್ದರೂ ಅದೇ ‘ಒಳ್ಳೆಯ ದನಿ’ ಅನ್ನಿಸಿಬಿಡುತ್ತದೆ, ಒಂದೆರಡು ಡೆಸಿಬೆಲ್ ವ್ಯತ್ಯಾಸ ಸಾಕು. ಹಾಗಾಗಿ ಆ್ಯಪ್‌ನಲ್ಲಿ ವಾಲ್ಯೂಮ್ ಸಮ ಮಾಡುವ ಆಯ್ಕೆಯನ್ನು ಆನ್ ಮಾಡಿಕೊಳ್ಳಿ. 1960ರ ದಶಕದ ಸ್ಟೀರಿಯೊ ಮುದ್ರಣಗಳಲ್ಲಿ ಒಂದು ಅನುಕೂಲ ಇದೆ: ಬೀಟಲ್ಸ್‌ನ ‘ರಬ್ಬರ್ ಸೋಲ್’ನ ಹಲವು ಹಾಡುಗಳಲ್ಲಿ ದನಿ ಬಲಕ್ಕೆ, ವಾದ್ಯಗಳು ಎಡಕ್ಕೆ. ಎಡಕಿವಿಯ ಹೆಡ್‌ಫೋನ್ ತೆಗೆದರೆ ಹಾಡುವವರು ಹೆಚ್ಚುಕಮ್ಮಿ ಒಬ್ಬರೇ ಸಿಗುತ್ತಾರೆ.

ಕಣ್ಣಿಂದಲೂ ನೋಡಬೇಕೆನ್ನುವವರಿಗೆ ಆಡಾಸಿಟಿ ಎಂಬ ಆಡಿಯೊ ಸಾಫ್ಟ್‌ವೇರ್ ಇದೆ, ಉಚಿತ. ನಿಮ್ಮಲ್ಲಿರುವ ಸಿಡಿ ಅಥವಾ ಕೊಂಡ ಫೈಲ್ ತೆರೆದು, ಟ್ರ್ಯಾಕ್ ಹೆಸರಿನ ಮೆನುವಿನಲ್ಲಿ, ಸದ್ದಿನ ಆವರ್ತನಗಳನ್ನು ಗೆರೆಗಳಾಗಿ ತೋರಿಸುವ ಸ್ಪೆಕ್ಟ್ರೋಗ್ರಾಮ್ ಆರಿಸಿ. ಗರಿಷ್ಠ ಆವರ್ತನ 5000 ಹರ್ಟ್ಸ್‌ಗೆ ಇಡಿ, ವಿಂಡೋ ಗಾತ್ರ 2048. ಹೆಚ್ಚಿನವರು ಎಡವುವುದು ಈ ಗಾತ್ರದಲ್ಲೇ. 44.1 ಕಿಲೋಹರ್ಟ್ಸ್ ಫೈಲಿನಲ್ಲಿ 2048 ಎಂದರೆ 46 ಮಿಲಿಸೆಕೆಂಡಿನ ತುಣುಕು. ಗೆರೆ ಇನ್ನೂ ಚೂಪಾಗಲಿ ಎಂದು 8192ಕ್ಕೆ ಏರಿಸಿದರೆ ತುಣುಕು 186 ಮಿಲಿಸೆಕೆಂಡಿಗೆ ಹೋಗುತ್ತದೆ. ಏಳರ ವೈಬ್ರಾಟೊದ ಒಂದು ಸುತ್ತಿಗೆ 143 ಮಿಲಿಸೆಕೆಂಡ್, ಆದ್ದರಿಂದ ಅಲೆ ಅಳಿಸಿಹೋಗಿ ದಪ್ಪ ಪಟ್ಟಿ ಮಾತ್ರ ಉಳಿಯುತ್ತದೆ. ಸರಿಯಾದ ಗಾತ್ರದಲ್ಲಿ ಅಡ್ಡ ಗೆರೆಗಳು ಹಾವಿನಂತೆ ಹರಿದರೆ ವೈಬ್ರಾಟೊ, ಗೆರೆಗಳ ನಡುವೆ ಮಬ್ಬು ತುಂಬಿದರೆ ಗಾಳಿ, ನಡುವೆ ತೆಳು ಗೆರೆಗಳೇ ಹೊಸದಾಗಿ ಎದ್ದರೆ ಮರ್ಕ್ಯುರಿ ಬಗೆಯ ಒರಟುತನ, ಗೆರೆ ಮೆಟ್ಟಿಲಿನಂತೆ ಸಟ್ಟನೆ ಜಿಗಿದರೆ ಶ್ರುತಿ ತಿದ್ದುವ ಸಾಫ್ಟ್‌ವೇರ್ ಆಟೋಟ್ಯೂನ್. ಕೊನೆಯದಕ್ಕೆ ಷೇರ್ ಅವರ 1998ರ ‘ಬಿಲೀವ್’ ನೋಡಿ. ಗಿಟಾರ್ ದಟ್ಟವಾಗಿರುವ ಕಡೆ ಇದೆಲ್ಲ ಕೆಲಸ ಮಾಡುವುದಿಲ್ಲ, ಪಿಯಾನೊ ಮಾತ್ರ ಇರುವ ಚರಣ ಆರಿಸಿ. ದನಿಯನ್ನು ಬೇರ್ಪಡಿಸಿ ಕೊಡುವ ಎಐ ಸಾಧನಗಳನ್ನು ಈ ಕೆಲಸಕ್ಕೆ ನಂಬಬೇಡಿ. ಅವು ಉಸಿರನ್ನು ಕತ್ತರಿಸುತ್ತವೆ, ಡ್ರಮ್ ಸೆಟ್ಟಿನ ತಟ್ಟೆಯಾದ ಸಿಂಬಲ್‌ನ ಚೂರುಗಳನ್ನು ದನಿಗೆ ಅಂಟಿಸುತ್ತವೆ. ಇಲ್ಲದ ಗರಗರ ಇದ್ದಂತೆ ಕಾಣುತ್ತದೆ.

ಮತ್ತೆ ಜೋಡಿಗಳಿಗೆ. ಕೇಟ್ ಬುಷ್ ಅವರ ‘ವದರಿಂಗ್ ಹೈಟ್ಸ್’ 1978ರಲ್ಲಿ ಬಂದಾಗ ಅವರಿಗೆ 19 ವರ್ಷ. 1986ರ ಸಂಕಲನಕ್ಕೆ ದನಿಯನ್ನು ಹೊಸದಾಗಿ ಹಾಡಿ ಸೇರಿಸಿದರು. ಮೊದಲನೆಯದು ತೆಳ್ಳಗೆ, ತಲೆಯ ಮೇಲೆಲ್ಲೋ ತೇಲುತ್ತದೆ. ಎರಡನೆಯದು ಅದೇ ಸ್ವರಗಳನ್ನು ತುಂಬು ದನಿಯಲ್ಲಿ ಹಿಡಿಯುತ್ತದೆ. ಅದು ಕಿಟಕಿಯ ಹೊರಗೆ ನಿಂತ ಪ್ರೇತ ಹಾಡುವ ಹಾಡು, ಹಾಗಾಗಿ ನನ್ನ ಮತ ಮೊದಲನೆಯದಕ್ಕೇ. ಜೋನಿ ಮಿಚೆಲ್ ಅವರ ‘ಬೋತ್ ಸೈಡ್ಸ್ ನೌ’ 1969ರಲ್ಲಿ ಒಂದು, 2000ದಲ್ಲಿ ಆರ್ಕೆಸ್ಟ್ರಾ ಜೊತೆ ಇನ್ನೊಂದು. 25ರ ವಯಸ್ಸಿನ ಆ ಮೇಲಿನ ದನಿ 56ರ ಹೊತ್ತಿಗೆ ಇಲ್ಲವೇ ಇಲ್ಲ. ದಶಕಗಳ ಸಿಗರೇಟನ್ನು ಜನ ದೂರಿದರು, ಅವರು ಬೇರೆ ಕಾರಣಗಳನ್ನೂ ಹೇಳಿದರು. ಹೊಸ ಮುದ್ರಣದಲ್ಲಿ ಸಾಲುಗಳ ಕೊನೆ ಗಮನಿಸಿ. ಮೊದಲು ಸ್ವರವನ್ನು ಹಿಡಿದು ಎಳೆಯುತ್ತಿದ್ದ ಕಡೆ ಈಗ ಪದವನ್ನು ತಾಳದ ಹಿಂದೆ ತಡೆದು, ಗಾಳಿಯಲ್ಲಿ ಬಿಟ್ಟುಬಿಡುತ್ತಾರೆ. ದನಿ ಕಿರಿದಾದಷ್ಟೂ ಕಾಲದ ಮೇಲಿನ ಹಿಡಿತ ಬೆಳೆದಿದೆ.

ನಮ್ಮ ಭಾಷೆಯಲ್ಲೂ ಒಂದು ಜೋಡಿ ಇದೆ, ಗಾಯಕರು ಬೇರೆ ಬೇರೆ ಅಷ್ಟೆ. ಶಿಶುನಾಳ ಶರೀಫರ ‘ಸೋರುತಿಹುದು ಮನಿಯ ಮಾಳಿಗಿ’ಯನ್ನು ಸಿ. ಅಶ್ವಥ್ ಹಾಡಿದ್ದನ್ನೂ ರಘು ದೀಕ್ಷಿತ್ ತಮ್ಮ 2008ರ ಮೊದಲ ಆಲ್ಬಂನಲ್ಲಿ ಜನಪದ ರಾಕ್ ಆಗಿ ಹಾಡಿದ್ದನ್ನೂ ಒಟ್ಟಿಗೆ ಕೇಳಿ. ಅಶ್ವಥ್ ಗಂಟಲು ಪೂರ್ತಿ ತೆರೆದು, ಏರುಸ್ವರಕ್ಕೆ ಒತ್ತಿದಾಗ ಅಂಚಿನಲ್ಲಿ ಒರಟು ಕಾಣಿಸಿಕೊಳ್ಳಲು ಬಿಡುತ್ತಾರೆ. ಭಾವಗೀತೆಯ ನಯ ಅವರಿಗೆ ಮುಖ್ಯವಲ್ಲ, ರಂಗದ ಮೇಲಿನ ಕರೆ ಮುಖ್ಯ. ರಘು ದೀಕ್ಷಿತ್ ಪದಗಳನ್ನು ತಾಳಕ್ಕೆ ಬಿಗಿದು ಕಟ್ಟುತ್ತಾರೆ, ದನಿ ವಾದ್ಯಗಳ ನಡುವೆ ಅವುಗಳಲ್ಲೊಂದಾಗಿ ನುಗ್ಗುತ್ತದೆ. ಇಲ್ಲಿ ಭಾಷೆ ನಮ್ಮದೇ ಆದ್ದರಿಂದ, ‘ಸೋರುತಿಹುದು’ವಿನ ‘ಓ’ಕಾರವನ್ನು ಇಬ್ಬರೂ ಎಷ್ಟು ಬೇರೆಯಾಗಿ ತೆರೆಯುತ್ತಾರೆ ಎಂಬುದು ಇಂಗ್ಲಿಷ್ ಹಾಡಿಗಿಂತ ಬೇಗ ಕಿವಿಗೆ ಬೀಳುತ್ತದೆ. ಹೊಸಬರಿಗೆ ಅಭ್ಯಾಸ ಮಾಡಿಸುವುದಾದರೆ ಇಲ್ಲಿಂದ ಶುರು ಮಾಡಿಸಿ, ಆಮೇಲೆ ಡಿಲನ್.

ಕೇಳಿ ಕೇಳಿ ಹೀಗೆ ಹಾಡಬೇಕೆನಿಸಿದವರಿಗೆ ಒಂದು ಮಾತು. ಮೇಲಿನ ಮಡಿಕೆಗಳಿಂದ ಬರುವ ಗರಗರ ಕಲಿಯಬಹುದಾದ ತಂತ್ರ, ಅದು ನೋಯುವುದಿಲ್ಲ. ನೋವು, ಕೆರೆತ, ಹಾಡಿದ ಮೇಲೆ ಮಾತಿನ ದನಿ ಬದಲಾಗುವುದು ಕಂಡುಬಂದರೆ ನೀವು ನಿಜವಾದ ಸ್ವರತಂತುಗಳನ್ನೇ ಉಜ್ಜುತ್ತಿದ್ದೀರಿ. ಅಂದಿನ ಅಭ್ಯಾಸ ಅಲ್ಲಿಗೇ ನಿಲ್ಲಿಸಿ. ಪಿಸುಮಾತಾಡಿ ದನಿ ಉಳಿಸಲು ಹೋಗಬೇಡಿ, ಬಲವಾಗಿ ಪಿಸುಗುಟ್ಟುವುದೂ ಎಷ್ಟೋ ಜನರ ಗಂಟಲಿಗೆ ಶ್ರಮವೇ, ಸುಮ್ಮನಿರುವುದು ಮೇಲು. ದನಿ ಒಡೆದದ್ದು ಮೂರು ವಾರ ಕಳೆದರೂ ಸರಿಹೋಗದಿದ್ದರೆ ಕಿವಿ–ಮೂಗು–ಗಂಟಲು ವೈದ್ಯರ ಬಳಿ ಹೋಗಿ ತಂತುಗಳನ್ನು ಕ್ಯಾಮೆರಾದಲ್ಲಿ ನೋಡಿಸಿ. 2011ರಲ್ಲಿ ಗಾಯಕಿ ಅಡೆಲ್ ಅವರ ಸ್ವರತಂತುವಿನಲ್ಲಿ ರಕ್ತಸ್ರಾವವಾಗಿ ಪ್ರವಾಸ ರದ್ದಾಯಿತು, ನವೆಂಬರಿನಲ್ಲಿ ಬಾಸ್ಟನ್‌ನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ವಾರಗಟ್ಟಲೆ ಮೌನದ ನಂತರ 2012ರ ಫೆಬ್ರವರಿಯ ಗ್ರ್ಯಾಮಿ ವೇದಿಕೆಯಲ್ಲಿ ಅವರು ಮತ್ತೆ ಬಂದು ‘ರೋಲಿಂಗ್ ಇನ್ ದ ಡೀಪ್’ ಹಾಡಿದರು. ಆ ಹಾಡಿಕೆಯ ವಿಡಿಯೊವನ್ನೂ ಅದೇ ಹಾಡಿನ 2010ರ ಮುದ್ರಣವನ್ನೂ ನಿಮ್ಮ ಮುಂದಿನ ಜೋಡಿಯಾಗಿ ಇಟ್ಟುಕೊಳ್ಳಿ. ಸಾಲುಗಳ ಆರಂಭದಿಂದ ಶುರು ಮಾಡಿ.